ಮದುಮಗ ಉಲ್ಟಾ ಹಾಕಿದ ಟೈರು

ನಮ್ಮೂರಿನಿಂದ ಮದುಮಗಳನ್ನು ಮದುವೆಗೆ ಕರೆದುಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಕೊನೆಯ ಮನೆ ದಾಟಿದ ಕೂಡಲೇ, ಮದುವೆಯಾಗದ ಹುಡುಗರೆಲ್ಲ ಸೇರಿ ರಸ್ತೆಗೆ ಒಂದು ಕಂಬ ಅಡ್ಡ ಹಾಕಿರುತ್ತಾರೆ. ಅದಕ್ಕೆ ಶ್ರಾಂಗಾ ಅನ್ನುತ್ತೇವೆ. ಕಂಬಕ್ಕೆ ಕಾಗದದ ಹೂವು ಸುತ್ತಿ, ಅಕಾರ್ಡಿಯನ್ ಬಾರಿಸಿ, ಬೇರೆ ಊರಿನ ಮದುಮಗನಿಗೆ ಒಂದು ಪರೀಕ್ಷೆ ಇಡುತ್ತಾರೆ. ಅವನು ಗೆದ್ದರೆ ಕಂಬ ಏಳುತ್ತದೆ, ಹುಡುಗಿ ಊರು ಬಿಡುತ್ತಾಳೆ.

ಅಜ್ಜಿಯನ್ನು ಕರೆದೊಯ್ಯಲು ಅಜ್ಜ ಮೊಂಡು ಗರಗಸದಲ್ಲಿ ದಿಮ್ಮಿ ಕೊಯ್ದಿದ್ದನಂತೆ. ಅಮ್ಮನಿಗಾಗಿ ಅಪ್ಪ ಹುಲ್ಲು ಕೊಯ್ದಿದ್ದ. ನನ್ನ ಕ್ಲೆಮೆನ್‌ಗೆ ಸಿಕ್ಕಿದ್ದು ಸೈಕಲ್ ಚಕ್ರ. ಸೀಸದ ಗಣಿ ಮುಚ್ಚಿದ ಮೇಲೆ ನಮ್ಮ ಕಣಿವೆಯ ಹೊಟ್ಟೆ ತುಂಬುತ್ತಿರುವುದು ಬೆಟ್ಟದ ಸೈಕಲ್‌ಗಳಿಂದಲೇ. ಹಾಗಾಗಿ ಚಕ್ರಕ್ಕೆ ಟೈರು ಹಾಕಿ ತೋರಿಸು ಅಂದರು.

"ಏನ್ ಭಾವಯ್ಯ, ಹಲ್ಲು ಕಿತ್ತಷ್ಟು ಸುಲಭ ಅಲ್ಲ ಇದು," ಎಂದು ಯೆರ್ನೆಯ್ ಕಿಚಾಯಿಸಿದ. ಹುಡುಗರ ಗುಂಪಿಗೆ ಅವನೇ ಯಜಮಾನ, ಬಾಯಿಗೆ ಬೀಗವಿಲ್ಲ. "ನಿಮ್ಮ ಪೇಷೆಂಟ್ ಥರ ಬಾಯಿ ತೆಗಿ ಅಂದ್ರೆ ಟೈರು ತೆಗೆಯಲ್ಲ."

ಕ್ಲೆಮೆನ್ ಮಾರಿಬೋರ್ ನಗರದ ದಂತವೈದ್ಯ. ನಕ್ಕು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. "ಟೈರಿಗೆ ಇಂಜೆಕ್ಷನ್ ಕೊಡಬಹುದಾ?" ಎಂದ. ಎಲ್ಲರೂ ನಕ್ಕರು. ಅವನನ್ನು ಇಷ್ಟಪಡದಿರಲು ಯಾರಿಗೂ ಆಗುವುದಿಲ್ಲ. ನನಗೂ ಆಗಿರಲಿಲ್ಲ.

ಕಂಬದ ಪಕ್ಕದಲ್ಲಿ ಗಾಶ್ಪೆರ್ ನಿಂತಿದ್ದ. ಊರಿನ ಸೈಕಲ್ ಅಂಗಡಿ ಅವನದು. ಚಕ್ರ ತಂದವನೂ ಅವನೇ, ತೀರ್ಪು ಹೇಳಬೇಕಾದವನೂ ಅವನೇ. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅವನನ್ನು ನಾನು ನೋಡಿದ್ದು ಅದೇ ಮೊದಲು. ತೋಳು ಮಡಚಿದ್ದ. ಎಷ್ಟು ಉಜ್ಜಿದರೂ ಹೋಗದ ಗ್ರೀಸಿನ ಕಪ್ಪು ಉಗುರಿನ ಸಂದಿಯಲ್ಲಿ ಹಾಗೇ ಇತ್ತು. ಬೆಳಗಿನಿಂದ ಅವನು ನನ್ನ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ನೋಡಬೇಡ ಬಿಡು, ಅಂದುಕೊಂಡೆ. ನೋಡಿದ್ದರೆ ನಾನು ಅಲ್ಲೇ ಕರಗಿಹೋಗುತ್ತಿದ್ದೆ.

ನಾನು ಪ್ರವಾಸಿಗರನ್ನು ಪೇತ್ಸಾ ಬೆಟ್ಟದ ದಾರಿಗಳಲ್ಲಿ ಸೈಕಲ್ ಮೇಲೆ ಕರೆದೊಯ್ಯುವ ಗೈಡ್. ಸಂಜೆಯಾದರೆ ನನ್ನ ಕೆಸರು ಮೆತ್ತಿದ ಸೈಕಲ್ಲು ಅವನ ಅಂಗಡಿಯ ಬಾಗಿಲಲ್ಲಿ. ಸೈಕಲ್ಲಿಗೆ ಏನೂ ಆಗದ ದಿನಗಳಲ್ಲೂ. ಅವನು ಚಕ್ರ ತಿರುಗಿಸಿ ಕಡ್ಡಿಗಳ ನಡುವಿನಿಂದ ನನ್ನನ್ನು ನೋಡುತ್ತಿದ್ದ. ನಾನು ನೋಡಿದರೆ, ಕಡ್ಡಿಗಳನ್ನೇ ನೋಡುತ್ತಿದ್ದೇನೆ ಎಂಬಂತೆ ಗಂಭೀರನಾಗುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿ ಅವನ ಗುಟ್ಟು ಬಿಟ್ಟುಕೊಡುತ್ತಿತ್ತು. ಅಥವಾ ಹಾಗೆಂದು ನಾನು ಅಂದುಕೊಂಡಿದ್ದೆ.

ಟೈರು ಹಾಕುವುದನ್ನು ನನಗೆ ಕಲಿಸಿದ್ದೂ ಅವನೇ. "ಪಕ್ಕದಲ್ಲಿ ಬಾಣದ ಗುರುತು ಇರತ್ತೆ ನೋಡು. ಕಪ್ಪಿನ ಮೇಲೆ ಕಪ್ಪು, ಹುಡುಕಬೇಕು. ಚಕ್ರ ಮುಂದಕ್ಕೆ ಉರುಳೋ ಕಡೆಗೇ ಬಾಣ ಇರ್ಬೇಕು."

"ಉಲ್ಟಾ ಹಾಕಿದ್ರೆ ಏನಾಗತ್ತೆ? ಸೈಕಲ್ ಹಿಂದಕ್ಕೆ ಹೋಗತ್ತಾ?" ಎಂದು ನಾನು ರೇಗಿಸಿದ್ದೆ.

"ತಮಾಷೆ ಅಲ್ಲ ಬ್ರಿನಾ. ಓಡತ್ತೆ, ಚೆನ್ನಾಗೇ ಓಡತ್ತೆ. ಒದ್ದೆ ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಮಣ್ಣು ಕಚ್ಚೋದಿಲ್ಲ. ಆಮೇಲೆ ನಿನ್ನ ಹಲ್ಲು ಆರಿಸ್ಕೊಂಡು ಬರೋಕೆ ನಾನು ಬೆಟ್ಟ ಹತ್ಬೇಕು."

ಈ ವಿಷಯದಲ್ಲಿ ಅವನಿಗೆ ಹುಚ್ಚೇ. ಒಮ್ಮೆ ಯಾರೋ ಪ್ರವಾಸಿ, ತಾನೇ ಉಲ್ಟಾ ಹಾಕಿಕೊಂಡ ಟೈರಿನ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿಕೊಂಡು ಹೊರಟಿದ್ದ. ಗಾಶ್ಪೆರ್ ವ್ಯಾನಿನಲ್ಲಿ ಆಸ್ಟ್ರಿಯಾದ ಗಡಿಯವರೆಗೆ ಬೆನ್ನುಹತ್ತಿ, ಹಾರ್ನ್ ಹೊಡೆದು ನಿಲ್ಲಿಸಿ, ರಸ್ತೆ ಪಕ್ಕದಲ್ಲೇ ಸರಿಮಾಡಿ ಕಳಿಸಿದ. ಆ ಮನುಷ್ಯ ಇವನನ್ನು ಕಳ್ಳನೆಂದು ತಿಳಿದು ಕೈ ಎತ್ತಿ ನಿಂತಿದ್ದನಂತೆ.

ಇಷ್ಟೆಲ್ಲ ಓಡಾಡುವ ಗಂಡಸಿಗೆ ನನ್ನ ಹತ್ತಿರ ಬಂದು ಒಂದು ಮಾತು ಆಡಲು ಬರಲಿಲ್ಲ.

ಕ್ಲೆಮೆನ್ ಹಾಗಲ್ಲ. ನಾನು ಕರೆದೊಯ್ದ ಗುಂಪಿನಲ್ಲಿ ಬಂದು, ಬಿದ್ದು, ಭುಜದ ಮೂಳೆ ಮುರಿದುಕೊಂಡು, ಕೆಸರಿನಲ್ಲಿ ಮಲಗಿಕೊಂಡೇ "ನಿಮ್ಮ ಜೊತೆ ಊಟಕ್ಕೆ ಬರಬಹುದಾ?" ಎಂದು ಕೇಳಿದವನು. ಆಮೇಲೆ ಮದುವೆಗೂ ಕೇಳಿದ. ನಾನು ಉತ್ತರ ಕೊಡುವ ಮೊದಲು ಅಂಗಡಿಗೆ ಹೋದೆ.

"ಕ್ಲೆಮೆನ್ ಕೇಳಿದ್ದಾನೆ. ಏನು ಹೇಳ್ಲಿ ಗಾಶ್ಪೆರ್?"

ಅವನು ಪಂಪಿನ ಗಾಳಿ ಅಳೆಯುವ ಮುಳ್ಳನ್ನೇ ನೋಡಿದ. "ಒಳ್ಳೆಯವನು," ಎಂದ. "ಟೈರಿನಲ್ಲಿ ಗಾಳಿ ಎಷ್ಟಿರ್ಬೇಕು ಅಂತ ಕೇಳಿ ತಿಳ್ಕೊಂಡು ಹೋದ. ಎಲ್ಲರೂ ಕೇಳಲ್ಲ."

ಗಾಳಿಯಂತೆ, ಗಾಳಿ! ಹೊರಗೆ ಬಂದು ಕ್ಲೆಮೆನ್‌ಗೆ ಫೋನ್ ಮಾಡಿ ಆಗಲಿ ಅಂದೆ.

ಈಗ ಅದೇ ಕ್ಲೆಮೆನ್ ರಸ್ತೆಯ ಮೇಲೆ ಮಂಡಿಯೂರಿ, ಸೋಪಿನ ನೀರಿನಲ್ಲಿ ಟೈ ನೆನೆಸಿಕೊಂಡು ಟೈರಿನ ಅಂಚನ್ನು ಒಳಗೆ ತಳ್ಳುತ್ತಿದ್ದ. ಯೆರ್ನೆಯ್ ಬೊರೊವ್ನಿಚಾರ್ ಎಂಬ ಕಾಡುಹಣ್ಣಿನ ಸಾರಾಯಿ ತುಂಬಿದ ಪುಟ್ಟ ಗ್ಲಾಸು ಹಿಡಿದು ಸುತ್ತ ಕುಣಿಯುತ್ತಿದ್ದ. ಕೊನೆಯ ತುದಿ ಟಪ್ಪೆಂದು ಕೂತಿತು. ಕ್ಲೆಮೆನ್ ಗಾಳಿ ಹೊಡೆದು, ಚಕ್ರವನ್ನು ತಲೆಯ ಮೇಲೆತ್ತಿ ಹಿಡಿದ. ಬೆವರಿದ ಮುಖದಲ್ಲಿ ಶಾಲೆಯಲ್ಲಿ ಬಹುಮಾನ ಗೆದ್ದ ಹುಡುಗನ ಖುಷಿ.

ನನಗೆ ದೂರದಿಂದಲೇ ಕಂಡಿತು. ಬ್ರೇಕಿನ ತಟ್ಟೆ ಯಾವಾಗಲೂ ಚಕ್ರದ ಎಡಗಡೆ ಬರಬೇಕು; ಹಾಗಿಟ್ಟು ನೋಡಿದರೆ ಟೈರಿನ ಹಲ್ಲುಗಳೆಲ್ಲ ಹಿಂದಕ್ಕೆ ಮುಖ ಮಾಡಿವೆ. ಉಲ್ಟಾ.

ಅಯ್ಯೋ ಪಾಪ, ಎಂದುಕೊಂಡೆ. ಗಾಶ್ಪೆರ್ ಈಗ ಇವನನ್ನು ಬಿಡುವುದಿಲ್ಲ.

ಗಾಶ್ಪೆರ್ ಚಕ್ರ ತೆಗೆದುಕೊಂಡ. ಒಂದು ಸುತ್ತು ತಿರುಗಿಸಿದ. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದ. ಕಡ್ಡಿಗಳ ಸಂದಿಯಿಂದಲ್ಲ, ನೇರವಾಗಿ. ಅವನ ಕಣ್ಣುಗಳು ಕೆಂಪಾಗಿದ್ದವು.

"ಸರಿಯಾಗಿದೆ," ಎಂದ.

ಊರು ಚಪ್ಪಾಳೆ ತಟ್ಟಿತು. ಅಕಾರ್ಡಿಯನ್ ಜೋರಾಯಿತು. ನನ್ನ ಕೈಯಿಂದ ಕ್ಲೆಮೆನ್‌ನ ಕೋಟು ಜಾರಿ ಬಿತ್ತು.

ಅಪರಿಚಿತನ ಕಾರನ್ನು ಗಡಿಯವರೆಗೆ ಅಟ್ಟಿಸಿಕೊಂಡು ಹೋದವನು, ನನ್ನ ಗಂಡನಾಗುವವನ ಮಾನ ಉಳಿಸಲು ಊರೆದುರು ಸುಳ್ಳು ಹೇಳಿದ. ನಾನು ನಗುನಗುತ್ತಾ ಹೋಗಲಿ ಅಂತ. ಇಷ್ಟು ವರ್ಷ ನಾನು ಕಾದಿದ್ದ ಮಾತು ಅದೇ ಆಗಿತ್ತು, ಅವನು ಅದನ್ನು ಟೈರಿನ ಮೇಲೆ ಹಾಕಿ ಹೇಳಿದ. ದಡ್ಡ. ಮಹಾ ದಡ್ಡ. ನನಗೆ ಅಳು ಬಂತು, ಕೋಪ ಬಂತು, ಓಡಿಹೋಗಿ ಅವನ ಇಸ್ತ್ರಿ ಅಂಗಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

"ಉಲ್ಟಾ ಇದೆ," ಎಂದೆ.

ಅಕಾರ್ಡಿಯನ್ ನಿಂತಿತು. ಕ್ಲೆಮೆನ್ ತಿರುಗಿ ನೋಡಿ ನಕ್ಕ. "ಬ್ರಿನಾ, ನೀನು ಯಾರ ಕಡೆ?"

"ಟೈರು ಉಲ್ಟಾ ಇದೆ. ನಾನು ಸರಿ ಮಾಡ್ತೀನಿ," ಎಂದು ಬಿಳಿ ಗೌನು ಎತ್ತಿಕೊಂಡು ರಸ್ತೆಯ ಮೇಲೆ ಮಂಡಿಯೂರಿದೆ.

"ಮಗಳೇ, ಬಟ್ಟೆ!" ಎಂದು ಅಮ್ಮ ಚೀರಿದಳು.

"ಬಿಡಿ ಅತ್ತೆ, ನಮ್ಮೂರ ಹುಡುಗಿ ಹಿಂಗೇ ಇರ್ಬೇಕು," ಎಂದು ಯೆರ್ನೆಯ್ ಕುಣಿದ. "ಬಾರ್ಸೋ ಅಕಾರ್ಡಿಯನ್!"

ಹಾಡು ಮತ್ತೆ ಶುರುವಾಯಿತು. ಗಾಶ್ಪೆರ್ ನನ್ನೆದುರು ಕೂತು, ಅಂಗಡಿಯಲ್ಲಿ ಕೂರುತ್ತಿದ್ದ ಹಾಗೆಯೇ, ಚಕ್ರವನ್ನು ಮಂಡಿಗೆ ಒತ್ತಿ ಹಿಡಿದ. ನಾನು ಗಾಳಿ ಬಿಟ್ಟೆ. ಆ ಗದ್ದಲದಲ್ಲಿ ನಮ್ಮ ಮಾತು ನಮಗೆ ಮಾತ್ರ ಕೇಳುತ್ತಿತ್ತು.

"ಯಾಕೋ ಸುಳ್ಳು ಹೇಳಿದೆ?"

"ಬೇಗ ಮುಗೀಲಿ ಅಂತ."

"ಇನ್ನೊಂದು ಸುಳ್ಳು."

ನಾನು ಅಂಚು ಕಿತ್ತೆ, ಟೈರು ಹೊರಗೆ ಬಂತು. ಅದನ್ನು ತಿರುಗಿಸುವಾಗ ನಮ್ಮ ಕೈಗಳು ತಾಗಿದವು. ಇಬ್ಬರೂ ತೆಗೆಯಲಿಲ್ಲ.

"ಆವತ್ತು ಕೇಳಿದ್ದೆನಲ್ಲ ಕಣೋ, ಏನು ಹೇಳ್ಲಿ ಅಂತ. ಯಾಕೆ ಕೇಳಿದೆ ಅನ್ಕೊಂಡೆ? ಗಾಳಿ ಎಷ್ಟಿರ್ಬೇಕು ಅಂತ ತಿಳಿಯೋಕಾ?"

"ನನ್ನ ಹತ್ತಿರ ಏನಿದೆ ಬ್ರಿನಾ? ಒಂದು ಅಂಗಡಿ, ಒಂದು ಹಳೇ ವ್ಯಾನು. ಅವನು ನಿನ್ನ ಚೆನ್ನಾಗಿ ನೋಡ್ಕೋತಾನೆ."

"ನನ್ನ ನೋಡ್ಕೊಳ್ಳೋಕೆ ನಾನಿದ್ದೀನಿ. ನಿನ್ನ ಮನಸ್ಸಲ್ಲಿ ಏನಿದೆ ಹೇಳು. ಟೈರು ಕೂರೋದ್ರೊಳಗೆ ಹೇಳು. ಆಮೇಲೆ ಆ ಕಂಬ ಏಳತ್ತೆ."

ನಾನು ಟೈರಿನ ಒಂದು ಬದಿ ಕೂರಿಸಿದೆ. ಇನ್ನೊಂದು ಬದಿ ಅರ್ಧ ಕೂರಿಸಿದೆ. ಎಷ್ಟು ನಿಧಾನ ಮಾಡಿದರೂ ಕೈ ಕಲಿತ ಕೆಲಸ ತನ್ನ ಪಾಡಿಗೆ ಮುಗಿಯುತ್ತಾ ಬಂತು. ಕೊನೆಯ ಗೇಣುದ್ದದ ಅಂಚು ಉಳಿದಿದ್ದಾಗ ಗಾಶ್ಪೆರ್ ತನ್ನ ಅಂಗೈಯನ್ನು ಅದರ ಮೇಲೆ ಇಟ್ಟುಬಿಟ್ಟ.

"ಹೋಗಬೇಡ," ಎಂದ. "ನೀನಿಲ್ಲದೆ ನನ್ನ ಕೈಲಿ ಆಗಲ್ಲ."

ಅಷ್ಟೇ.

"ಆಯ್ತಾ?" ಕ್ಲೆಮೆನ್ ಹತ್ತಿರ ಬಂದು ಕೈ ಚಾಚಿದ. ಇನ್ನೊಂದು ಕೈಯಲ್ಲಿ ನನ್ನ ಬೆರಳು ಒರೆಸಲು ಕರವಸ್ತ್ರ ಇತ್ತು. ನಾನು ಎದ್ದೇಳಲು ನೋಡಿದೆ, ಆಗಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ನಾಟಕವಲ್ಲ. ಅವನ ಕೈ ಹಿಡಿಯಬೇಕೆಂದು ತಲೆ ಹೇಳುತ್ತಿತ್ತು, ಕೈ ಮೇಲೇಳಲಿಲ್ಲ.

ಕ್ಲೆಮೆನ್ ಕರವಸ್ತ್ರ ಹಿಡಿದುಕೊಂಡೇ ನಿಂತ. ನನ್ನನ್ನು ನೋಡಿದ, ಟೈರಿನ ಮೇಲಿದ್ದ ಗಾಶ್ಪೆರ್‌ನ ಕೈಯನ್ನು ನೋಡಿದ. ಮೆಲ್ಲಗೆ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಏನಂದ ಅವನು?"

ಅವನಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ. "ಹೋಗಬೇಡ ಅಂದ."

ಅವನು ಕರವಸ್ತ್ರ ಮಡಚಿದ. "ನಾನು ನಿನಗೆ ಎಷ್ಟು ಸಲ ಬಾ ಅಂದಿದ್ದೀನಿ, ಬ್ರಿನಾ," ಎಂದ. "ಅವನು ಹೋಗಬೇಡ ಅಂದಿದ್ದು ಒಂದೇ ಒಂದು ಸಲ."

"ಕ್ಲೆಮೆನ್..."

"ಬೇಡ. ಕ್ಷಮಿಸು ಅನ್ನಬೇಡ, ನನಗೆ ಇನ್ನೂ ಕಾರು ಓಡಿಸೋದಿದೆ."

ಕರವಸ್ತ್ರವನ್ನು ನನ್ನ ಮಡಿಲಲ್ಲಿ ಇಟ್ಟ. ಕೋಟು ಎತ್ತಿಕೊಂಡು ಧೂಳು ಕೊಡವಿದ. ಕಂಬ ಎತ್ತಲು ಯಾರೂ ಮುಂದೆ ಬರಲಿಲ್ಲ, ಯೆರ್ನೆಯ್ ಕೂಡ ಗ್ಲಾಸು ಹಿಡಿದು ಕಲ್ಲಾಗಿದ್ದ. ಕ್ಲೆಮೆನ್ ತಾನೇ ಬಗ್ಗಿ, ಕಾಗದದ ಹೂವುಗಳ ಕೆಳಗಿನಿಂದ ದಾಟಿ, ಆಚೆ ಕಾಯುತ್ತಿದ್ದ ತನ್ನವರ ಕಡೆ ನಡೆದ. ಒಮ್ಮೆಯೂ ತಿರುಗಲಿಲ್ಲ.

ನಾನು ಆಗ ಅತ್ತೆ. ಅವನಿಗಾಗಿಯೇ ಅತ್ತೆ, ಜೋರಾಗಿ, ಊರೆಲ್ಲ ನೋಡುತ್ತಿದ್ದಂತೆ. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಗಾಶ್ಪೆರ್ ಚಕ್ರ ಕೆಳಗಿಟ್ಟು, ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಂಡ. ಬಿಳಿ ಅಂಗಿ ಕಪ್ಪಾಯಿತು.

"ನನ್ನಿಂದ ತಪ್ಪಾಯ್ತಾ?" ಎಂದು ಕೇಳಿದ.

"ಹೂಂ," ಎಂದೆ. "ತುಂಬ ತಡ ಮಾಡಿದೆ. ಈಗ ಇನ್ನೊಂದ್ಸಲ ಹೇಳು. ಅವನು ಇಷ್ಟು ಕಳ್ಕೊಂಡು ಹೋದ ಮೇಲೆ, ನೀನು ಪಿಸುಗುಟ್ಟಿದ್ದಷ್ಟೇ ಸಾಕಾಗಲ್ಲ."

ಅವನ ಕಿವಿ ಕೆಂಪಗಾಯಿತು. ಅಮ್ಮನ ಕಡೆ ನೋಡಿದ, ಊರಿನ ಕಡೆ ನೋಡಿದ. ಆಮೇಲೆ ನನ್ನನ್ನೇ ನೋಡುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೇಳಿ ಮುಗಿಸುವಷ್ಟರಲ್ಲಿ ಅವನೂ ಅಳುತ್ತಿದ್ದ.