ಖಾಲಿ ಬಿಟ್ಟ ಜಾಗ

ಅವಳು ಬರುವುದಿಲ್ಲ ಎಂದು ನನಗೆ ತಿಳಿಸಿದ್ದು ನಾನೇ ಬರೆದ ವೆಬ್ ಪೇಜು.

ಆಫೀಸಿನವರೆಲ್ಲ ಭಾನುವಾರ ದೋಣಿಯಲ್ಲಿ ಸುತ್ತಾಡಿ ಬರುವುದೆಂದು ತೀರ್ಮಾನವಾಗಿತ್ತು. ಮನೆಯವರನ್ನೂ ಸೇರಿಸಿ ಯಾರ ಕಡೆಯಿಂದ ಎಷ್ಟು ಜನ ಎಂದು ಕೇಳುವ ಪೇಜು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಬರದವರು ಸೊನ್ನೆ ಹಾಕಬೇಕು; ಸೊನ್ನೆ ಕಂಡರೆ ಪೇಜು 'ಬರುವುದಿಲ್ಲ' ಎಂದು ತೋರಿಸುತ್ತದೆ. ದೋಣಿಯಲ್ಲಿ ಅವಳ ಪಕ್ಕ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡಬೇಕೆಂದು ಎರಡು ವಾರದಿಂದ ಧೈರ್ಯ ಒಟ್ಟುಗೂಡಿಸುತ್ತಿದ್ದೆ. ಬುಧವಾರ ನೋಡಿದರೆ ಅವಳ ಸಾಲಿನಲ್ಲಿ 'ಬರುವುದಿಲ್ಲ' ಎಂದಿತ್ತು. ನನ್ನ ಸಾಲಿಗೂ ಒಂದು ಸೊನ್ನೆ ಹಾಕಿ, ಮುಖ ಊದಿಸಿಕೊಂಡು ಮನೆಗೆ ಹೋದೆ.

"ಬಾಯಿಬಿಟ್ಟು ಕೇಳಿದ್ಯೇನೋ ಅವಳನ್ನ?" ಎಂದಳು ಅಕ್ಕ.

"ಕೇಳೋದೇನಿದೆ? ಪೇಜೇ ಹೇಳ್ತಲ್ಲ."

ಅವಳೆಂದರೆ ಆಫೀಸಿನಲ್ಲಿ ನಾವು ಬರೆದ ಕೋಡನ್ನೆಲ್ಲ ಓದಿ ತಪ್ಪು ಹುಡುಕುವವಳು. ಕೋಡಿನಲ್ಲಿ ಎರಡು ಬೆಲೆ ಒಂದೇನಾ ಎಂದು ನೋಡಲು ಎರಡು ಸಮ ಚಿಹ್ನೆ (==) ಹಾಕಿ ಮುಗಿಸುವ ಸೋಮಾರಿಗಳಿಂದ ಮೂರು (===) ಹಾಕಿಸದೆ ಬಿಡುವುದಿಲ್ಲ. ಹಾಗಾಗಿ ಅಡ್ಡಹೆಸರೇ 'ಮೂರು ಸಮ'.

ಶುಕ್ರವಾರ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿಂದ ನೋಡಿದಳು. ಆ ನೋಟ ಬಿದ್ದರೆ ನಾನು ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

"ನಾನು ಬರಲ್ಲ ಅಂತ ಯಾರು ಹೇಳಿದ್ರು?"

"ನೀವೇ ಸೊನ್ನೆ ಹಾಕಿದ್ರಲ್ಲ."

"ನಾನೇನೂ ಹಾಕಿಲ್ಲ, ಖಾಲಿ ಬಿಟ್ಟಿದ್ದೆ. ಇಲ್ನೋಡಿ, ನಿಮ್ಮ ಕೋಡಲ್ಲಿ ಎರಡೇ ಸಮ. ಸೊನ್ನೆ ಅಂದ್ರೆ ಅಂಕಿ, ನಂದು ಬರೀ ಖಾಲಿ ಟೆಕ್ಸ್ಟು. ಎರಡು ಸಮ ಹಾಕಿದ್ರೆ ಖಾಲೀನೂ ಸೊನ್ನೆ ಮಾಡ್ಕೊಂಡು, ಎರಡೂ ಒಂದೇ ಅಂದ್ಬಿಡತ್ತೆ. ಮೂರು ಹಾಕಿದ್ರೆ ಅಂಕೀನೋ ಟೆಕ್ಸ್ಟೋ ಅಂತಾನೂ ನೋಡತ್ತೆ. ಸುಮ್ಮನಿದ್ದೋಳನ್ನ ಒಲ್ಲೆ ಅಂದೋಳನ್ನಾಗಿ ಮಾಡಿದ್ರಲ್ಲ ನೀವು."

"ಖಾಲಿ ಯಾಕೆ ಬಿಟ್ರಿ?"

ಅವಳ ನೋಟ ಮೆಲ್ಲಗೆ ಕೀಬೋರ್ಡಿಗೆ ಇಳಿಯಿತು. ಕಿವಿಯ ತುದಿ ಕೆಂಪಾಗಿತ್ತು.

"ಎಲ್ಲರನ್ನೂ ಪೇಜು ಕೇಳ್ತು. ನನ್ನನ್ನಾದ್ರೂ ನೀವು ಕೇಳ್ತೀರ ಅಂತ ಕಾಯ್ತಿದ್ದೆ."

ನಾನು ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿದೆ.

"ಬರ್ತೀರಾ? ನನ್ನ ಪಕ್ಕ ಕೂತ್ಕೊಳ್ಳೋಕೆ. ನೀವಂದ್ರೆ ನಂಗೆ ತುಂಬಾ ಇಷ್ಟ. ದೋಣೀಲಿ ಹೇಳೋಣ ಅಂತಿದ್ದೆ, ಅಲ್ಲೀತನಕ ತಡ್ಕೊಳ್ಳೋಕಾಗಲ್ಲ."

ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡಳು. ನನ್ನ ಕೋಡಿಗೆ ಇನ್ನೊಂದು ಸಮ ಚಿಹ್ನೆ ಸೇರಿಸಿದಳು. ಅವಳ ಸಾಲಿನಲ್ಲಿ 'ಉತ್ತರ ಬಂದಿಲ್ಲ' ಎಂದು ಮೂಡಿತು. ಆಮೇಲೆ ಆ ಖಾಲಿ ಜಾಗದಲ್ಲಿ 'ಎರಡು' ಎಂಬ ಅಂಕಿ ಒತ್ತಿದಳು.

"ಮನೆಯಿಂದ ಯಾರನ್ನ ಕರ್ಕೊಂಡು ಬರ್ತಿದ್ದೀರ?"

"ಮನೆಯಿಂದಲ್ಲ. ಇಲ್ಲೊಬ್ರು ಸೊನ್ನೆ ಹಾಕ್ಕೊಂಡು ಮುಖ ಊದಿಸ್ಕೊಂಡಿದ್ದಾರೆ, ಅವರನ್ನ."

ನನ್ನ ಸಾಲಿನ ಸೊನ್ನೆಯನ್ನು ನಾನು ಅಳಿಸಲೇ ಇಲ್ಲ. ಭಾನುವಾರ ಅವಳ ಲೆಕ್ಕದಲ್ಲೇ ದೋಣಿ ಹತ್ತಿದೆ.