ಹೊಸ ಚೀಲದ ಗುಜರಿ ದಾಣಾ

ತಲೆ ನೆರೆಯುವ ತನಕ ಸ್ಟೋರು ನೋಡಿಕೊಂಡ ಕೋದಂಡರಾಮಪ್ಪನನ್ನು ಬಿಟ್ಟು, ಧಣಿ ಶ್ರೀಧರ್ ತನ್ನ ಭಾಮೈದನನ್ನು ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದ. ಮಾಲೂರಿನ ಆ ಕಾರ್ಖಾನೆಯಲ್ಲಿ ದಾಣಾ, ಅಂದರೆ ಪ್ಲಾಸ್ಟಿಕ್ ಕಾಳು ಕರಗಿಸಿ, ರೇಷ್ಮೆ ಹುಳು ಸಾಕುವ ನೀಲಿ ತಟ್ಟೆ ಮಾಡುತ್ತಿದ್ದರು. ಭಾಮೈದನಿಗೆ ದಾಣಾಕ್ಕೂ ರಾಗಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಧಣಿಯೂ ಅಷ್ಟರಲ್ಲೇ ಇದ್ದ. ಇಂಥ ಮುಠ್ಠಾಳರಿಗೆ ಟೋಪಿ ಹಾಕದಿದ್ದರೆ ಅದೇ ಪಾಪ.

ಉಪಾಯ ಸಲೀಸಾಗಿತ್ತು. ಭಾನುವಾರ ಕಾರ್ಖಾನೆಗೆ ರಜೆ, ಸ್ಟೋರಿನ ಬೀಗದ ಕೈ ಕೋದಂಡರಾಮಪ್ಪನದೇ ಜೇಬಿನಲ್ಲಿ. ಹೊಸ ದಾಣಾ ಮುಳಬಾಗಿಲಿನ ವ್ಯಾಪಾರಿಯ ಗಾಡಿಗೆ ಹೋಗುತ್ತಿತ್ತು. ಖಾಲಿಯಾದ ಅದರ ಚೀಲಗಳಿಗೇ ಅವನು ಗುಜರಿ ದಾಣಾ ತುಂಬಿ ಬಾಯಿ ಹೊಲಿಯುತ್ತಿದ್ದ. ತೋಟಕ್ಕೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬ ಕರಗಿಸಿ ಮಾಡಿದ ಮಾಲು ಅದು. ನೀಲಿ ಬಣ್ಣ ಬೆರೆತ ಮೇಲೆ ಬ್ರಹ್ಮನಿಗೂ ಗುರುತು ಸಿಗದು.

ಹುಳು ಸತ್ತರೆ? ಸಾಯಲಿ. ಈ ಹುಳು ಸಾಕುವವರನ್ನು ಅವನು ಬಲ್ಲ. ಸೊಪ್ಪು ಸರಿಯಿಲ್ಲ ಅನ್ನುತ್ತಾರೆ, ಮೊಟ್ಟೆ ಸರಿಯಿಲ್ಲ ಅನ್ನುತ್ತಾರೆ, ಕೊನೆಗೆ ಪಕ್ಕದ ಮನೆಯವಳ ಕಣ್ಣು ಬಿತ್ತು ಅನ್ನುತ್ತಾರೆ. ತಟ್ಟೆಯನ್ನು ಯಾರು ಬೈದಾರು? ಸಿಕ್ಕಿಬಿದ್ದರೆ ಜೈಲು, ನಿಜ. ಆದರೆ ಸಿಕ್ಕಿಬೀಳುವುದು ದಡ್ಡರು.

ತಟ್ಟೆಗಳು ಮಾರಾಟವಾದ ಮೇಲೆ ಒಂದು ಮಧ್ಯಾಹ್ನ ಧಣಿ ಅವನನ್ನು ಕರೆಸಿದ. ಯಾರೋ ಹೆಂಗಸು ತಟ್ಟೆಯ ಸಮೇತ ಸತ್ತ ಹುಳು ತಂದು ಹೊರಗೆ ಕೂತಿದ್ದಾಳೆ ಎಂದ. ಕೋದಂಡರಾಮಪ್ಪನಿಗೆ ನಗು ತಡೆಯಲಾಗಲಿಲ್ಲ.

"ಕೈ ತೊಳೀದೆ ಸೊಪ್ಪು ಹಾಕಿರ್ತಾಳೆ ಸಾರ್. ಇಂಥೋರ ಮಾತು ಕೇಳ್ತಾ ಕೂತ್ರೆ ಫ್ಯಾಕ್ಟರಿ ನಡೆಯಲ್ಲ, ಕಳಿಸಿಬಿಡಿ."

ಧಣಿ ಕಳಿಸಲಿಲ್ಲ, ಒಳಗೆ ಕರೆದ. ಬಂದವಳು ಕೋದಂಡರಾಮಪ್ಪನ ಹೆಂಡತಿ ಅನಸೂಯಮ್ಮ.

ಅವಳು ವಕ್ಕಲೇರಿಯ ಮನೆಯಲ್ಲಿ ಹುಳು ಸಾಕುವುದು ಅವನಿಗೆ ಗೊತ್ತಿತ್ತು, ಹೊಸ ತಟ್ಟೆ ಕೊಂಡದ್ದು ಗೊತ್ತಿರಲಿಲ್ಲ. ಬೀಡಿ ಸೇದುವವರನ್ನು ಹುಳುಮನೆಯ ಹೊಸಿಲು ದಾಟಿಸುವುದಿಲ್ಲ; ಅವನೂ ಆ ಕಡೆ ತಲೆ ಹಾಕಿದವನಲ್ಲ. ಹೇಳಿದರೆ ಬೈಯುತ್ತಾನೆಂದು ಅವಳು ನೇರ ಧಣಿಯ ಬಳಿಗೇ ಬಂದಿದ್ದಳು. ಒಂದೇ ಸೊಪ್ಪು ತಿಂದ ಹುಳು ಹಳೇ ತಟ್ಟೆಯಲ್ಲಿ ಚೆನ್ನಾಗಿವೆ, ಹೊಸದರಲ್ಲಿ ಒಂದೂ ಉಳಿದಿಲ್ಲ ಎಂದಳು. ತಟ್ಟೆ ಮೂಸಿದ ಧಣಿ, ಹೊಸ ದಾಣಾಕ್ಕೆ ಈ ವಾಸನೆ ಎಲ್ಲಿಂದ ಬರಬೇಕು ಎಂದು ಹುಬ್ಬು ಗಂಟಿಕ್ಕಿದ. ಗಂಡ ತನ್ನ ಪರ ಒಂದು ಮಾತು ಆಡಲೆಂದು ಅನಸೂಯಮ್ಮ ಅವನ ಕಡೆ ತಿರುಗಿದಳು. "ನಮ್ಮೋರನ್ನೇ ಕೇಳಿ ಸಾರ್. ಭಾನುವಾರ ಭಾನುವಾರ ಇಲ್ಲಿ ಕೆಲಸ ಐತೆ ಅಂತ ಬಂದು ಹೋಗ್ತಾರಲ್ಲ, ಆ ಅಂಗಿ ಒಗೆಯೋವಾಗ್ಲೂ ಇದೇ ವಾಸನೆ. ಎಷ್ಟು ಸೋಪು ಹಾಕಿದ್ರೂ ಹೋಗಲ್ಲ."