ಹಸಿರಿಲ್ಲದ ಎಲೆ

ಜೀಪು ಇನ್ನೊಮ್ಮೆ ಹಿಂದಿನಿಂದ ಗುದ್ದಿತು. ನನ್ನ ಆಟೋದ ಒಂದು ಚಕ್ರ ರಸ್ತೆ ಬಿಟ್ಟು ಗಾಳಿಯಲ್ಲಿ ತಿರುಗಿತು.

ಎಡಕ್ಕೆ ಗಿನ್ ನದಿ. ಬಲಕ್ಕೆ ಬಂಡೆ. ನಡುವೆ ನಾನು.

ಈಜು ಬರುತ್ತದೆ, ಆದರೆ ಆಟೋ ಸಮೇತ ಈಜಿ ಅಭ್ಯಾಸವಿಲ್ಲ.

ಮುಂದೆ ಚಹಾ ತೋಟದೊಳಗೆ ಹೋಗುವ ಕಾಲುದಾರಿ ಕಂಡಿತು. ಹ್ಯಾಂಡಲ್ ತಿರುಗಿಸಿದೆ. ಆಟೋ ಮಾತ್ರ ನುಗ್ಗುವಷ್ಟು ಅಗಲ. ಹಿಂದೆ ಬ್ರೇಕು ಕಿರುಚಿತು, ಗಾಜು ಒಡೆಯಿತು... ಆಮೇಲೆ ಬರೀ ನನ್ನ ಇಂಜಿನ್ನಿನ ಸದ್ದು.

ತಿರುಗಿ ನೋಡಿದೆ. ಚಾಲಕನ ಮುಖಕ್ಕೆ ಟವೆಲ್ ಸುತ್ತಿತ್ತು. ಜೀಪಿನ ಬಾಗಿಲ ಮೇಲೆ ಒಂದು ಸಂಶೋಧನಾ ಸಂಸ್ಥೆಯ ಲಾಂಛನ.

ನನ್ನನ್ನು ಕೆಲಸಕ್ಕೆ ಕರೆದದ್ದೇ ಆ ಸಂಸ್ಥೆ!

ನಾನು ಇನೋಕಾ ವೆಲಗೆದರ. ವಿಜ್ಞಾನಿಗಳು ಸುಳ್ಳು ಹೇಳಿದ ಅನುಮಾನ ಬಂದರೆ ನನಗೆ ಫೋನ್ ಬರುತ್ತದೆ. ಒಂದು ಕಾಲಕ್ಕೆ ನಾನೂ ಕಂಪ್ಯೂಟರಿನ ಮುಂದೆ ಕೂತು ಗಿಡಗಳ ಡಿಎನ್‌ಎ ಓದಿದವಳೇ. ಯಾರನ್ನೂ ನಂಬಬಾರದು ಎನ್ನುವುದನ್ನು ಕಲಿತದ್ದು ಅಲ್ಲಿ.

ಗಾಲೆ ಪಟ್ಟಣದ ಹೊರಗೆ, ಗುಡ್ಡದ ಮೇಲಿನ ಆ ಸಂಸ್ಥೆಯ ನಿರ್ದೇಶಕಿ ರಾಜಕರುಣಾ ಹಿಂದಿನ ದಿನ ಹೇಳಿದ್ದು ಇಷ್ಟು. ಪ್ರೊಫೆಸರ್ ವೀರಕ್ಕೊಡಿ ವರ್ಷಗಳ ಹಿಂದೆ ಒಂದು ಕಾಡು ದಾಲ್ಚಿನ್ನಿಯ ಇಡೀ ಜೀನೋಮ್, ಅಂದರೆ ಅದರ ಡಿಎನ್‌ಎಯ ಅಕ್ಷರಗಳೆಲ್ಲವನ್ನೂ, ಪ್ರಕಟಿಸಿ ದೊಡ್ಡವನಾದ. ಒಂದೇ ಕುಟುಂಬದ ಕರ್ಪೂರದ ಮರ, ಬೆಣ್ಣೆಹಣ್ಣು, ದಾಲ್ಚಿನ್ನಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವವರೆಲ್ಲ ಅವನ ಜೀನೋಮನ್ನೇ ಅಳತೆಗೋಲು ಮಾಡಿಕೊಂಡರು. ಈಗ ಅವನ ಶಿಷ್ಯೆ ಮದಾರಾ ಅದೇ ಜಾತಿಯ ಇನ್ನೊಂದು ಮರದ ಜೀನೋಮ್ ಓದಿದ್ದಾಳೆ. ಎರಡೂ ಹೊಂದುತ್ತಿಲ್ಲ. ಮದಾರಾ ಡೇಟಾ ಸೃಷ್ಟಿಸಿದ್ದಾಳೆಂದು ಗುರುವೇ ದೂರು ಕೊಟ್ಟಿದ್ದಾನೆ.

"ನಾಳೆ ಮಧ್ಯಾಹ್ನ ಸಮಿತಿ ಕೂರುತ್ತೆ," ಎಂದಿದ್ದರು ರಾಜಕರುಣಾ. "ಹುಡುಗೀದೇ ತಪ್ಪು ಅಂತ ಒಂದು ಸಹಿ ಹಾಕಿಬಿಡು."

"ಅವಳಿಗೇನಾಗುತ್ತೆ ಮೇಡಂ?"

"ಕೆಲಸ ಹೋಗುತ್ತೆ. ಆಮೇಲೆ ಯಾವ ಲ್ಯಾಬೂ ಬಾಗಿಲು ತೆಗೆಯಲ್ಲ."

ಸಹಿ ಹಾಕುವ ಮೊದಲು ಮದಾರಾಳ ಮರ ನೋಡಬೇಕೆನಿಸಿತು. ಒಂದು ಹಸಿ ಎಲೆ ಸಿಕ್ಕರೆ ಸಾಕು, ಲ್ಯಾಬಿನಲ್ಲಿ ಪುಟ್ಟ ಪರೀಕ್ಷೆ ಮಾಡಿ ಅವಳ ಮಾತು ನಿಜವೋ ಸುಳ್ಳೋ ಹೇಳಬಹುದಿತ್ತು. ಬೆಳಕು ಹರಿಯುತ್ತಲೇ ಕನ್ನೆಲಿಯ ಕಾಡಿಗೆ ಹೋದೆ. ಮರ ಉರುಳಿಬಿದ್ದಿತ್ತು. ರೆಂಬೆಗಳನ್ನು ರಾಶಿ ಹಾಕಿ ಸುಟ್ಟಿದ್ದರು. ಬೂದಿ ಇನ್ನೂ ಬೆಚ್ಚಗಿತ್ತು.

ವಾಪಸು ಬರುವಾಗ ಜೀಪು ಬೆನ್ನು ಹತ್ತಿತು.

ಆ ಮರ ಎಲ್ಲಿದೆ ಎಂದು ನನಗೆ ಹೇಳಿದ್ದು ಮದಾರಾ. ಸಂಸ್ಥೆಯ ಜೀಪಿನ ಕೀಲಿ ಗೇಟಿನ ಮೊಳೆಗೆ ನೇತಾಡುತ್ತಿರುತ್ತದೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅವಳೂ.

ಸಂಸ್ಥೆಗೆ ಬಂದಾಗ ಅವಳು ಕ್ಯಾಂಟೀನಿನಲ್ಲಿ ಮೀನಿನ ಬನ್ ಮುಂದಿಟ್ಟುಕೊಂಡು ಕೂತಿದ್ದಳು. ತಿಂದಿರಲಿಲ್ಲ.

"ನಿನ್ನ ಮರ ಕಡಿದಿದ್ದಾರೆ, ತಂಗಿ."

ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ನಕ್ಕಳು.

"ಯಾವ ಪೆದ್ದ ಕಡಿದದ್ದು? ಕಡಿದ್ರೆ ದಾಲ್ಚಿನ್ನಿ ಸಾಯುತ್ತಾ ಅಕ್ಕ? ನಮ್ಮಪ್ಪ ಕರಂದೆಣಿಯದಲ್ಲಿ ತೊಗಟೆ ಸುಲಿಯೋರು. ಬದುಕಿಡೀ ಕಡಿದ್ರು. ಕಡಿದಷ್ಟೂ ಚಿಗುರುತ್ತೆ."

"ಚಿಗುರೋ ಹೊತ್ತಿಗೆ ಸಮಿತಿ ಮುಗಿದಿರುತ್ತೆ."

ನಗು ನಿಂತಿತು.

"ನೀವು ನನ್ನ ನಂಬಲ್ಲ, ಅಲ್ವಾ?"

"ಇಲ್ಲ."

"ಒಳ್ಳೇದಾಯ್ತು. ನಂಬ್ತೀನಿ ಅಂದವರೆಲ್ಲ ಕೈಬಿಟ್ಟರು."

ನಿರಪರಾಧಿ... ಇಲ್ಲವೇ ಪಳಗಿದ ಕಳ್ಳಿ. ಎರಡಕ್ಕೂ ಆ ಮಾತು ಒಪ್ಪುತ್ತಿತ್ತು.

ಮೆಟ್ಟಿಲ ಬಳಿ ವೀರಕ್ಕೊಡಿ ಎದುರಾದ. ಬಿಳಿ ಅಂಗಿ, ಬಿಳಿ ಕೂದಲು, ಬಿಳಿ ನಗು.

"ಆಟೋ ರಿಪೇರಿಗೆ ಬಿಲ್ ಕಳಿಸಿ ಇನೋಕಾ. ನಮ್ಮ ಡ್ರೈವರ್ ಸುಗತ್‌ಗೆ ಸ್ವಲ್ಪ ಆತುರ ಜಾಸ್ತಿ."

ಮುಚ್ಚುಮರೆಯೇ ಇಲ್ಲ.

"ಮರ ಕಡಿಯೋಕೂ ಆತುರವೇ ಸರ್?"

"ಯಾವ ಮರ?" ನನ್ನ ಕೈಗೆ ಒಂದು ಹಾರ್ಡ್ ಡಿಸ್ಕ್ ಇಟ್ಟ. "ನನ್ನ ಮೂಲ ಡೇಟಾ. ಯಂತ್ರದಿಂದ ಬಂದ ಹಾಗೇ ಇದೆ, ಒಂದಕ್ಷರ ಮುಟ್ಟಿಲ್ಲ. ಚೆನ್ನಾಗಿ ನೋಡಿ, ಸಹಿ ಹಾಕಿ, ಹಗಲು ಹೊತ್ತಲ್ಲೇ ಮನೆ ಸೇರ್ಕೊಳ್ಳಿ. ಆ ನದಿ ರಸ್ತೆ ಒಳ್ಳೇದಲ್ಲ."

ಜೀಪು ಅವನದೇ. ಹಾಗೆಂದು ಅವನ ಜೀನೋಮ್ ಸುಳ್ಳಾಗುವುದಿಲ್ಲ. ಹೆದರಿದ ಪ್ರಾಮಾಣಿಕರೂ ಜೀಪು ಗುದ್ದಿಸುತ್ತಾರೆ. ನೋಡಿದ್ದೇನೆ.

ಖಾಲಿ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಮೊದಲು ಮದಾರಾಳ ಡೇಟಾ.

ಕೊಳಕೆಂದರೆ ಕೊಳಕು. ಶಿಲೀಂಧ್ರ, ಬ್ಯಾಕ್ಟೀರಿಯಾ, ಯಾವುದೋ ಇರುವೆ, ಎಲೆ ಕಿತ್ತ ಮನುಷ್ಯರ ಡಿಎನ್‌ಎ ಕೂಡ. ಸಂತೆ ಮುಗಿದ ಬಯಲಿನ ಹಾಗಿತ್ತು.

ಆಮೇಲೆ ಪ್ರೊಫೆಸರನದು. ತೊಳೆದಿಟ್ಟ ತಟ್ಟೆ. ಒಂದೊಂದು ತುಣುಕೂ ದಾಲ್ಚಿನ್ನಿಯದೇ. ಚಂದ ಅಂದರೆ ಚಂದ.

ಚಂದದ್ದು ಕಂಡರೆ ನನಗೆ ಬೆನ್ನು ತಣ್ಣಗಾಗುತ್ತದೆ.

ಇರಲೇಬೇಕಾದ ಒಂದನ್ನು ಹುಡುಕಿದೆ. ಸಿಗಲಿಲ್ಲ. ಬೇರೆ ರೀತಿಯಲ್ಲಿ ಹುಡುಕಿದೆ. ಸೊನ್ನೆ.

ಬಾಗಿಲು ತಟ್ಟಿದರು. ಸಮಿತಿ ಕಾಯುತ್ತಿತ್ತು.

ಮೇಜಿನ ತುದಿಯಲ್ಲಿ ರಾಜಕರುಣಾ. ಒಂದು ಬದಿಗೆ ವೀರಕ್ಕೊಡಿ, ಎದುರಿಗೆ ಮದಾರಾ.

"ಸಹಿ?" ಎಂದರು ರಾಜಕರುಣಾ.

"ಒಂದು ಸಣ್ಣ ಪ್ರಶ್ನೆ ಮೇಡಂ. ಸರ್, ನಿಮ್ಮ ಡಿಎನ್‌ಎ ಮರದ ಯಾವ ಭಾಗದಿಂದ ತೆಗೆದದ್ದು?"

"ಎಲೆಯಿಂದ. ನಾನೇ ಕಾಡಿಗೆ ಹೋಗಿ ಕಿತ್ತದ್ದು. ಎಳೇ ಚಿಗುರು."

"ಹಸಿರು ಚಿಗುರು?"

"ಮತ್ತೆ ಕೆಂಪಗಿರುತ್ತಾ?" ಅವನು ನಕ್ಕ.

"ಇರುತ್ತೆ ಸರ್," ಎಂದಳು ಮದಾರಾ. "ದಾಲ್ಚಿನ್ನಿ ಚಿಗುರು ಕೆಂಪಗೇ ಬರೋದು. ಇಲ್ಲಿ ಕಿಟಕಿ ಹೊರಗೂ ಇದೆ."

ಯಾರೂ ಕಿಟಕಿಯತ್ತ ನೋಡಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಬಣ್ಣ ಮರೆತಿರಬಹುದು, ಬಿಡಿ," ಎಂದೆ. "ಡೇಟಾದಲ್ಲಿ ಒಂದಕ್ಷರ ಮುಟ್ಟಿಲ್ಲ ಅಂದ್ರಲ್ಲ, ಅದು ಖಂಡಿತ ತಾನೇ?"

"ಖಂಡಿತ."

"ಹಾಗಾದ್ರೆ ಕ್ಲೋರೋಪ್ಲಾಸ್ಟ್ ಎಲ್ಲಿ ಸರ್?"

ವೀರಕ್ಕೊಡಿ ಮೇಜಿನ ಮೇಲಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ನಿಮಗೆ ಬಿಡಿಸಿ ಹೇಳುತ್ತೇನೆ. ಎಲೆ ಬಿಸಿಲಿನಿಂದ ಅನ್ನ ಬೇಯಿಸಿಕೊಳ್ಳುವುದು ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಲ್ಲಿ. ಆ ಕಣಗಳಿಗೆ ಅವುಗಳದೇ ಬೇರೆ ಡಿಎನ್‌ಎ ಇದೆ. ಎಲೆಯಿಂದ ಡಿಎನ್‌ಎ ತೆಗೆದರೆ, ಚಿಗುರು ಕೆಂಪಗಿದ್ದರೂ, ಬೇಡವೆಂದರೂ ಅದು ರಾಶಿ ರಾಶಿಯಾಗಿ ಬರುತ್ತದೆ. ಭತ್ತದ ಜೊತೆ ಜೊಳ್ಳು ಬಂದ ಹಾಗೆ. ನಮ್ಮವರು ಮೊದಲು ಮಾಡುವ ಕೆಲಸವೇ ಅದನ್ನು ತೂರಿ ಎಸೆಯುವುದು. ದೊಡ್ಡವರಾದ ಮೇಲೆ ಆ ಕೆಲಸ ಶಿಷ್ಯರ ಪಾಲಿಗೆ.

ಮದಾರಾಳ ಕಸದಲ್ಲಿ ಅದು ತುಂಬಿ ತುಳುಕುತ್ತಿತ್ತು. ಪ್ರೊಫೆಸರನ ತೊಳೆದ ತಟ್ಟೆಯಲ್ಲಿ ಒಂದು ಚೂರೂ ಇರಲಿಲ್ಲ. ವೀರಕ್ಕೊಡಿ ಕಾಡಿಗೆ ಹೋಗಿರಲೇ ಇಲ್ಲ. ತೋಟದ ದಾಲ್ಚಿನ್ನಿಯ ಜೀನೋಮ್ ಇಟ್ಟುಕೊಂಡು, ಕಂಪ್ಯೂಟರಿನಲ್ಲಿ ಅಲ್ಲಲ್ಲಿ ಅಕ್ಷರ ಬದಲಿಸಿ, ಇಲ್ಲದ ಮರವೊಂದನ್ನು ಹುಟ್ಟಿಸಿದ್ದ. ಬೇಕಾದದ್ದೆಲ್ಲ ಹುಟ್ಟಿಸಿದ. ತೂರಿದ ಡೇಟಾ ಮಾತ್ರ ನೋಡಿ ನೋಡಿ ಅಭ್ಯಾಸವಾದ ಮನುಷ್ಯ... ಜೊಳ್ಳು ಹುಟ್ಟಿಸುವುದನ್ನು ಮರೆತ.

"ಹಸಿರಿಲ್ಲದ ಎಲೆ ಸರ್, ನಿಮ್ಮದು," ಎಂದೆ.

ಅವನು ನನ್ನನ್ನು ನೋಡಲಿಲ್ಲ. ಮದಾರಾಳ ಕಡೆ ತಿರುಗಿದ. ದನಿ ಮೆತ್ತಗಾಗಿತ್ತು.

"ಮಗಳೇ, ಇಲ್ಲೀವರೆಗೂ ನೀನು ಬರೆದ ಪೇಪರ್‌ಗಳೆಲ್ಲ ಯಾವ ಜೀನೋಮ್ ಜೊತೆ ಹೋಲಿಸಿ ಬರೆದದ್ದು? ನಿನ್ನ ಪಿಎಚ್‌ಡಿ?"

ಉತ್ತರಕ್ಕೆ ಅವನು ಕಾಯಲಿಲ್ಲ.

"ನಂದು. ಅದು ಸುಳ್ಳಾದ್ರೆ ನಿಂದೂ ಎಲ್ಲ ಸುಳ್ಳು. ನಾನು ನಿವೃತ್ತಿಗೆ ಬಂದವನು, ಬಿದ್ದರೆ ಮಂಚದ ಮೇಲೆ ಬೀಳ್ತೀನಿ. ನೀನು?"

ರಾಜಕರುಣಾ ತಕ್ಷಣ ಎಳೆ ಹಿಡಿದರು. "ಬೇಡ, ಬೇಡ. ದೂರು ವಾಪಸ್. ಎರಡೂ ನಿಜ, ಮರ ಬೇರೆ, ಅದಕ್ಕೆ ವ್ಯತ್ಯಾಸ ಅಂತ ಬರೆಯೋಣ. ಮದಾರಾಗೆ ಕಾಯಂ ಹುದ್ದೆ. ಇನೋಕಾ ಏನೂ ನೋಡಿಲ್ಲ. ಆಯ್ತಾ?"

ಮದಾರಾ ಒಪ್ಪುತ್ತಾಳೆ ಅಂದುಕೊಂಡೆ. ನಾನಾಗಿದ್ದರೆ ಒಪ್ಪುತ್ತಿದ್ದೆ.

ಅವಳು ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡತೊಡಗಿದಳು.

"ಏನದು?" ಎಂದ ವೀರಕ್ಕೊಡಿ.

"ವಿಜ್ಞಾನ ಪತ್ರಿಕೆಗಳಿಗೆ ಮೇಲ್ ಸರ್. ನನ್ನ ಪೇಪರ್‌ಗಳನ್ನ ವಾಪಸ್ ತಗೊಳ್ತೀನಿ ಅಂತ."

"ಎಲ್ಲಾ?"

"ಎಲ್ಲಾ. ಅವರು ಕಾರಣ ಕೇಳ್ತಾರಲ್ಲ, ಅಲ್ಲಿ ನಿಮ್ಮ ಹೆಸರು ಹಾಕ್ತಿದೀನಿ. ಪೂರ್ತಿ ಹೆಸರು ಹಾಕಲಾ, ಇನಿಶಿಯಲ್ ಸಾಕಾ?"

ವೀರಕ್ಕೊಡಿ ಎದ್ದು ಅವಳ ಲ್ಯಾಪ್‌ಟಾಪಿಗೆ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದು ಮೇಜಿಗೆ ಒತ್ತಿದೆ. ಬಿಳಿ ನಗು ಎಲ್ಲೂ ಕಾಣಲಿಲ್ಲ.

"ಕಳಿಸು ತಂಗಿ," ಎಂದೆ. "ಸರ್‌ಗೆ ಆತುರ ಜಾಸ್ತಿ."

ಅವಳು ಕಳಿಸಿದಳು. ರಾಜಕರುಣಾ ಹಣೆ ಹಿಡಿದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಮದಾರಾ ನಿಂತಳು.

"ಈಗ ನನ್ನ ಹೆಸರಲ್ಲಿ ಒಂದು ಪೇಪರೂ ಇಲ್ಲ ಅಕ್ಕ."

"ಒಂದು ಡೇಟಾ ಇದೆ."

"ಅದನ್ನಾದ್ರೂ ಈಗ ನಂಬ್ತೀರಾ?"

"ಹೂಂ," ಎಂದೆ. ಬಾಯಿಂದ ಜಾರಿಬಿಟ್ಟಿತು.

ಸಂಜೆ ಮನೆಗೆ ಬಂದವಳೇ ಅವಳ ಡೇಟಾವನ್ನು ಮೊದಲಿನಿಂದ ಇನ್ನೊಮ್ಮೆ ಪರೀಕ್ಷಿಸಿದೆ. ಅನುಮಾನವಿತ್ತೆಂದಲ್ಲ. ನಂಬಿಕೆ ಬಂದುಬಿಟ್ಟಿತ್ತು... ಈ ಕಸುಬಿನಲ್ಲಿ ಅಪಾಯ ಶುರುವಾಗುವುದೇ ಅಲ್ಲಿಂದ.